ಕೊಡಲಿಯ ಕಾವು: ಬರ್ಲಿನ್‌ನ ಒಂದು ಮಿತ್ರದ್ರೋಹದ ಪ್ರಕರಣ

1943ರ ಜುಲೈ 2ರಂದು ಬರ್ಲಿನ್‌ನ ಒಂದು ಕೆಫೆಯಲ್ಲಿ ಸ್ಟೆಲ್ಲಾ ಕ್ಯೂಬ್ಲರ್ ಎಂಬ ಯುವತಿ ನಾತ್ಸಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಕೈಗೆ ಸಿಕ್ಕಿಬಿದ್ದಳು. ಹುಟ್ಟುಮನೆಯ ಹೆಸರು ಗೋಲ್ಡ್‌ಶ್ಲಾಗ್. ಇನ್ನು ಎಂಟು ದಿನ ಕಳೆದರೆ ಇಪ್ಪತ್ತೊಂದು ತುಂಬುತ್ತಿತ್ತು. ಆಕೆ ಯಹೂದಿ, ಆದರೆ ಯಹೂದಿಗಳು ತೊಡಲೇಬೇಕಿದ್ದ ಹಳದಿ ನಕ್ಷತ್ರ ಎದೆಯ ಮೇಲೆ ಇರಲಿಲ್ಲ, ಕೈಚೀಲದಲ್ಲಿ ಇದ್ದದ್ದು ನಕಲಿ ಕಾಗದ. ಹೊಂಬಣ್ಣದ ಕೂದಲು, ನೀಲಿ ಕಣ್ಣು. ಬೀದಿಯಲ್ಲಿ ಎದುರಾದ ಯಾವ ಪೊಲೀಸನಿಗೂ ಅನುಮಾನ ಬರುವಂತಿರಲಿಲ್ಲ. ಆಕೆಯನ್ನು ತೋರಿಸಿಕೊಟ್ಟವಳು ಮೊದಲಿನಿಂದ ಪರಿಚಯವಿದ್ದ ಇನ್ನೊಬ್ಬ ಯಹೂದಿ ಹೆಂಗಸು, ಗೆಸ್ಟಾಪೊಗಾಗಿ ಕೆಲಸ ಮಾಡುತ್ತಿದ್ದವಳು. ಕೆಲವೇ ತಿಂಗಳಲ್ಲಿ ಸ್ಟೆಲ್ಲಾ ಕೂಡ ಅದೇ ಕೆಲಸಕ್ಕೆ ಇಳಿದಳು. ತಲೆಮರೆಸಿಕೊಂಡಿದ್ದ ಯಹೂದಿಗಳು ಅವಳಿಗೆ ‘ಹೊಂಗೂದಲ ಭೂತ’ ಎಂದು ಹೆಸರಿಟ್ಟರು.

ನಾತ್ಸಿಗಳು ಯಹೂದಿಗಳನ್ನು ಸಾಮೂಹಿಕವಾಗಿ ಕೊಂದ ಹೋಲೊಕಾಸ್ಟ್ ಕಾಲದ ಗೆಳೆತನ, ದ್ರೋಹಗಳ ಬಗ್ಗೆ ಕಥೆ ಕಾದಂಬರಿ ಬರೆಯುವವರು ಸಾಮಾನ್ಯವಾಗಿ ದ್ರೋಹವನ್ನು ಗೆಳೆತನ ಮುರಿದುಬೀಳುವ ಘಟ್ಟವಾಗಿ ಕಟ್ಟುತ್ತಾರೆ. ಮೊದಲ ಭಾಗದಲ್ಲಿ ಸಲಿಗೆ, ನಡುವೆ ಬಿರುಕು, ಕೊನೆಗೆ ಬೆನ್ನಿಗೆ ಚೂರಿ. ಸ್ಟೆಲ್ಲಾ ಪ್ರಕರಣವನ್ನು ಹತ್ತಿರದಿಂದ ನೋಡಿದರೆ ಈ ಕಟ್ಟಡ ನಿಲ್ಲುವುದಿಲ್ಲ. ಇಲ್ಲಿ ದ್ರೋಹ ನಡೆದದ್ದೇ ಗೆಳೆತನದ ಮೂಲಕ. ಗೆಸ್ಟಾಪೊ ಬಳಿ ಹೆಸರುಗಳ ಪಟ್ಟಿ ಇತ್ತು, ಹಳೆಯ ವಿಳಾಸಗಳಿದ್ದವು. ನಕ್ಷತ್ರ ಕಿತ್ತೆಸೆದು ಜನಜಂಗುಳಿಯಲ್ಲಿ ಸೇರಿಹೋದ ಒಬ್ಬ ಮನುಷ್ಯನ ಮುಖ ನೋಡಿ ‘ಇವನೇ’ ಎನ್ನಬಲ್ಲ ಕಣ್ಣು ಮಾತ್ರ ಇರಲಿಲ್ಲ. ಆ ಕಣ್ಣು ಇದ್ದದ್ದು ಸಹಪಾಠಿಗೆ, ಜೊತೆಯಲ್ಲಿ ದುಡಿದವನಿಗೆ, ಮದುವೆಗೆ ಬಂದಿದ್ದವಳಿಗೆ.

ನಗರ ಮತ್ತು ಕಟ್ಟಳೆ

1933ರಲ್ಲಿ ಬರ್ಲಿನ್‌ನಲ್ಲಿ ಸುಮಾರು 1,60,000 ಯಹೂದಿಗಳಿದ್ದರು. ಜರ್ಮನಿಯ ಯಹೂದಿಗಳಲ್ಲಿ ಮೂರನೇ ಒಂದು ಪಾಲು ಈ ಒಂದೇ ಊರಿನಲ್ಲಿ. ಅವರನ್ನು ಉಳಿದವರಿಂದ ಬೇರ್ಪಡಿಸುವ ಕೆಲಸ ಕಾಗದದ ಮೇಲೆ ಶುರುವಾಯಿತು. 1939ರ ಜನವರಿಯಿಂದ ಗಂಡಸರು ಹೆಸರಿನ ಜೊತೆ ‘ಇಸ್ರಾಯೆಲ್’, ಹೆಂಗಸರು ‘ಸಾರಾ’ ಎಂದು ಸೇರಿಸಿಕೊಳ್ಳಬೇಕಾಯಿತು. ಗುರುತುಚೀಟಿಯ ಮೇಲೆ ದೊಡ್ಡದಾಗಿ ‘ಜೆ’ ಅಕ್ಷರ, ಪಡಿತರ ಚೀಟಿಯ ಮೇಲೂ ಅದೇ. 1940ರ ಬೇಸಿಗೆಯಿಂದ ಬರ್ಲಿನ್‌ನ ಯಹೂದಿಗಳು ಅಂಗಡಿಗೆ ಹೋಗಬಹುದಾದ ಹೊತ್ತು ಸಂಜೆ 4ರಿಂದ 5 ಮಾತ್ರ, ಅಷ್ಟರಲ್ಲಿ ತರಕಾರಿ ಅಂಗಡಿಯ ಬುಟ್ಟಿ ಖಾಲಿಯಾಗಿರುತ್ತಿತ್ತು. 1941ರ ಸೆಪ್ಟೆಂಬರ್ 19ರಿಂದ ಆರು ವರ್ಷ ದಾಟಿದ ಪ್ರತಿಯೊಬ್ಬರ ಎಡ ಎದೆಯ ಮೇಲೆ ಅಂಗೈ ಅಗಲದ ಹಳದಿ ನಕ್ಷತ್ರ. ಪಿನ್ನು ಚುಚ್ಚಿಕೊಂಡರೆ ಸಾಲದು, ಬಟ್ಟೆಗೆ ಗಟ್ಟಿಯಾಗಿ ಹೊಲಿದಿರಬೇಕು. ಒಂದು ತಿಂಗಳು ತುಂಬುವುದರೊಳಗೆ, ಅಕ್ಟೋಬರ್ 18ರಂದು, ಗ್ರೂನೆವಾಲ್ಡ್ ನಿಲ್ದಾಣದಿಂದ ಯಹೂದಿಗಳನ್ನು ಸಾಗಿಸುವ ಮೊದಲ ರೈಲು ಪೋಲೆಂಡಿನ ವುಡ್ಜ್ ಗೆಟ್ಟೊ, ಎಂದರೆ ಯಹೂದಿಗಳನ್ನು ಕೂಡಿಹಾಕಿದ್ದ ಕೇರಿ, ಅದರ ಕಡೆಗೆ ಹೊರಟಿತು. ಅದೇ ತಿಂಗಳು ದೇಶ ಬಿಟ್ಟು ಹೋಗುವುದನ್ನೂ ನಿಷೇಧಿಸಿದರು.

ಈ ವಿವರಗಳನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ತಲೆಮರೆಸಿಕೊಳ್ಳುವುದು ಎಂದರೆ ಇವೆಲ್ಲವನ್ನೂ ಒಂದೇ ದಿನದಲ್ಲಿ ಕಳಚುವುದು. ನಕ್ಷತ್ರ ಬಿಚ್ಚಿದರೆ ಸಾಲದು. ಕೋಟಿನ ಬಣ್ಣ ಎಲ್ಲೆಡೆ ಮಾಸಿ, ನಕ್ಷತ್ರ ಇದ್ದ ಜಾಗ ಮಾತ್ರ ಗಾಢವಾಗಿ, ಆರು ಮೂಲೆಯ ಗುರುತಾಗಿ ಉಳಿಯಬಹುದು. ಸುತ್ತ ಸೂಜಿಯ ತೂತುಗಳು ಕಾಣುತ್ತವೆ. ‘ಜೆ’ ಇರುವ ಗುರುತುಚೀಟಿಯನ್ನು ಬಿಟ್ಟ ಕ್ಷಣದಿಂದ ಕೈಯಲ್ಲಿ ಯಾವ ಕಾಗದವೂ ಇಲ್ಲ. ಪಡಿತರ ಚೀಟಿ ಇಲ್ಲ, ಎಂದರೆ ಬ್ರೆಡ್ಡಿಗೂ ಕಳ್ಳಸಂತೆಯೇ ಗತಿ. ಮನೆ ಬಾಡಿಗೆಗೆ ಹಿಡಿದರೆ ಪೊಲೀಸ್ ನೋಂದಣಿ ಕೇಳುತ್ತಾರೆ. ಬಾಂಬ್ ಬಿದ್ದರೆ ನೆಲಮಾಳಿಗೆಯ ಆಶ್ರಯಕ್ಕೆ ಇಳಿಯುವುದಕ್ಕೂ ಹೆದರಿಕೆ, ಅಲ್ಲಿನ ವಾರ್ಡನ್‌ಗೆ ಆ ಕಟ್ಟಡದ ಪ್ರತಿಯೊಬ್ಬರ ಮುಖವೂ ಗೊತ್ತು. ಹೀಗೆ ಬದುಕಿದವರು ತಮ್ಮನ್ನು ‘ಯು-ಬೋಟ್’ ಎಂದು ಕರೆದುಕೊಂಡರು: ನೀರಿನಡಿ ಚಲಿಸುವ ಜಲಾಂತರ್ಗಾಮಿ. ಬರ್ಲಿನ್‌ನಲ್ಲಿ ಅಂಥವರು ಸುಮಾರು 7,000. ಯುದ್ಧ ಮುಗಿದಾಗ ಅವರಲ್ಲಿ ಬದುಕಿ ಉಳಿದವರು ಸುಮಾರು 1,700.

ಜಲಾಂತರ್ಗಾಮಿಯೂ ಆಗಾಗ ಮೇಲೆ ಬರಲೇಬೇಕು. ಇವತ್ತಿನ ರಾತ್ರಿಗೆ ಹಾಸಿಗೆ, ನಾಳೆಗೆ ನಾಲ್ಕು ಆಲೂಗಡ್ಡೆ, ನಾಡಿದ್ದಿಗೆ ಒಂದು ಕಾಗದ ಬೇಕು. ಮೂರಕ್ಕೂ ಕೇಳಬಹುದಾದದ್ದು ಪರಿಚಯದವರನ್ನೇ. ಕೆಫೆ, ಸಿನಿಮಾ, ನಾಟಕಶಾಲೆಗಳು ಬೆಚ್ಚಗಿದ್ದವು, ಅಲ್ಲಿ ಎರಡು ಗಂಟೆ ಕುಳಿತರೆ ಯಾರೂ ಕೇಳುತ್ತಿರಲಿಲ್ಲ. ಹಾಗಾಗಿ ತಲೆಮರೆಸಿಕೊಂಡವರು ಒಬ್ಬರನ್ನೊಬ್ಬರು ಕಾಣುತ್ತಿದ್ದದ್ದೂ ಅಲ್ಲೇ. ಬದುಕಿಸುವ ದಾರಿ, ಹಿಡಿಸಿಕೊಡುವ ದಾರಿ ಎರಡೂ ಒಂದೇ ಬಾಗಿಲಿನಿಂದ ಹಾಯುತ್ತಿದ್ದವು.

ಶಾಲೆ, ವೀಸಾ, ಕಾರ್ಖಾನೆ

ಸ್ಟೆಲ್ಲಾ ಹುಟ್ಟಿದ್ದು 1922ರ ಜುಲೈ 10ರಂದು. ತಂದೆ ಗೆರ್ಹಾರ್ಡ್ ಪತ್ರಕರ್ತ, ಸಂಗೀತ ರಚಿಸುತ್ತಿದ್ದವರು. ತಾಯಿ ಟೋನಿ ಗಾಯಕಿ. ಒಬ್ಬಳೇ ಮಗಳು, ಮುದ್ದಿನಿಂದ ಬೆಳೆದವಳು. ಯಹೂದಿ ಮಕ್ಕಳಿಗೆ ಸರ್ಕಾರಿ ಶಾಲೆಗಳು ಮುಚ್ಚಿಕೊಳ್ಳುತ್ತಿದ್ದಂತೆ 1935ರಲ್ಲಿ ಲಿಯೊನೋರೆ ಗೋಲ್ಡ್‌ಶ್ಮಿಟ್ ನಡೆಸುತ್ತಿದ್ದ ಖಾಸಗಿ ಯಹೂದಿ ಶಾಲೆಗೆ ಸೇರಿದಳು. ಇಂಗ್ಲಿಷ್‌ಗೆ ಒತ್ತು ಕೊಟ್ಟ ಶಾಲೆ ಅದು, ಮಕ್ಕಳು ಹೊರದೇಶಕ್ಕೆ ಹೋಗಲು ಸಿದ್ಧರಾಗಲಿ ಎಂದು. ತರಗತಿಯ ಅರ್ಧ ಗಂಡುಮಕ್ಕಳು ಸ್ಟೆಲ್ಲಾಳ ಮೇಲೆ ಕಣ್ಣಿಟ್ಟಿದ್ದರು ಎಂಬುದು ಬದುಕುಳಿದ ಸಹಪಾಠಿಗಳ ನೆನಪು. ಆಕೆಯ ಮುಖ ಅವರೆಲ್ಲರಿಗೂ ಗೊತ್ತಿತ್ತು. ಅವರ ಮುಖಗಳು ಆಕೆಗೂ ಗೊತ್ತಿದ್ದವು. ಆ ಹೊತ್ತಿಗೆ ಅದು ಬರಿಯ ಶಾಲಾ ವಯಸ್ಸಿನ ಸಂಗತಿ.

1938ರ ನವೆಂಬರ್‌ನಲ್ಲಿ ಯಹೂದಿಗಳ ಮೇಲೆ ನಡೆದ ದಾಳಿಯ ನಂತರ ಗೋಲ್ಡ್‌ಶ್ಲಾಗ್ ಕುಟುಂಬ ದೇಶ ಬಿಡಲು ಓಡಾಡಿತು. ಅಮೆರಿಕದಲ್ಲಿ ಜರ್ಮನಿಯಿಂದ ಬರುವವರಿಗೆ ವರ್ಷಕ್ಕೆ 27,370 ವೀಸಾಗಳ ಮಿತಿ, ಸರದಿ ಸಂಖ್ಯೆಗಳು ವರ್ಷಗಟ್ಟಲೆ ಉದ್ದ. ಅವರ ಸರದಿ ಬರಲಿಲ್ಲ. ಸಹಪಾಠಿಗಳಲ್ಲಿ ಸರದಿ ಬಂದವರು ಹಡಗು ಹತ್ತಿದರು, ಬಾರದವರು ಉಳಿದರು. ಕಾದಂಬರಿಕಾರ ಇಲ್ಲೊಂದು ಕ್ಷಣ ನಿಲ್ಲಬೇಕು. ಅದೇ ಬೆಂಚಿನ ಇಬ್ಬರಲ್ಲಿ ಒಬ್ಬ ಅಮೆರಿಕದ ಸೈನಿಕನಾಗಿ ಬರ್ಲಿನ್‌ಗೆ ಹಿಂತಿರುಗುತ್ತಾನೆ, ಇನ್ನೊಬ್ಬಳು ಹಿಡಿದುಕೊಡುವವಳಾಗುತ್ತಾಳೆ. ನಡುವೆ ಇದ್ದ ವ್ಯತ್ಯಾಸ ಗುಣದ್ದೇ ಎಂದು ಹೇಳುವ ಮೊದಲು ಆ ಸರದಿ ಸಂಖ್ಯೆಯನ್ನು ನೆನೆಯುವುದು ನ್ಯಾಯ.

ಸ್ಟೆಲ್ಲಾ ಫ್ಯಾಷನ್ ಚಿತ್ರ ಬರೆಯುವುದನ್ನು ಕಲಿತಳು, 1941ರಲ್ಲಿ ಮಾನ್‌ಫ್ರೆಡ್ ಕ್ಯೂಬ್ಲರ್ ಎಂಬ ಯಹೂದಿ ಸಂಗೀತಗಾರನನ್ನು ಮದುವೆಯಾದಳು. ಯುದ್ಧಸಾಮಗ್ರಿ ತಯಾರಿಸುವ ಕಾರ್ಖಾನೆಯಲ್ಲಿ ಕಡ್ಡಾಯ ದುಡಿಮೆ. ‘ಯುದ್ಧಕ್ಕೆ ಅಗತ್ಯದ ಕೆಲಸಗಾರ’ ಎಂಬ ಪಟ್ಟವೇ ಇಂಥ ಸಾವಿರಾರು ಜನರನ್ನು ರೈಲಿನಿಂದ ದೂರ ಇಟ್ಟಿತ್ತು. ಅದು ಕಳಚಿ ಬಿದ್ದದ್ದು 1943ರ ಫೆಬ್ರವರಿ 27ರ ಶನಿವಾರ. ಬೆಳಗಿನ ಪಾಳಿ ನಡೆಯುತ್ತಿದ್ದಾಗಲೇ ಲಾರಿಗಳು ಕಾರ್ಖಾನೆಗಳ ಬಾಗಿಲಿಗೆ ಬಂದವು. ಕೆಲಸದ ಬಟ್ಟೆಯಲ್ಲೇ, ಕೋಟು ಹಾಕಿಕೊಳ್ಳಲೂ ಬಿಡದೆ ಜನರನ್ನು ತುಂಬಿದರು. ಬರ್ಲಿನ್ ಒಂದರಲ್ಲೇ 8,000ಕ್ಕೂ ಹೆಚ್ಚು ಜನ ಸಿಕ್ಕಿಬಿದ್ದರು. ಮೊದಲೇ ಸುಳಿವು ಸಿಕ್ಕಿ ಸುಮಾರು 4,000 ಮಂದಿ ತಪ್ಪಿಸಿಕೊಂಡರು. ಮಾನ್‌ಫ್ರೆಡ್‌ನನ್ನು ಆಶ್ವಿಟ್ಜ್ ಎಂಬ ಸಾವಿನ ಶಿಬಿರಕ್ಕೆ ಸಾಗಿಸಿದರು, ಅವನು ಅಲ್ಲೇ ಸತ್ತ. ಸ್ಟೆಲ್ಲಾ ಮತ್ತು ತಾಯಿ ಕಾರ್ಖಾನೆಯೊಳಗೇ ಅಡಗಿ ಕುಳಿತು ಪಾರಾದರು. ಅಂದಿನಿಂದ ಅವರೂ ಯು-ಬೋಟ್‌ಗಳು.

ಒಂದು ಗುರುತುಚೀಟಿ

ಸ್ಟೆಲ್ಲಾಗೆ ನಕಲಿ ಕಾಗದ ಸಿಕ್ಕಿದ್ದು ಗ್ಯುಂಟರ್ ರೋಗೋಫ್ ಎಂಬ ಹೆಸರಿನಲ್ಲಿ ಓಡಾಡುತ್ತಿದ್ದವನಿಂದ. ಅವನ ನಿಜವಾದ ಹೆಸರು ಚೋಮಾ ಶ್ಯೋನ್‌ಹೌಸ್. ಸ್ಟೆಲ್ಲಾಳಂತೆ 1922ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದವನು, ಚಿತ್ರಕಲೆ ಕಲಿತವನು, ಆ ದಿನಗಳಿಂದಲೇ ಆಕೆಗೆ ಪರಿಚಿತ. ಅವನ ಕೆಲಸದ ಕ್ರಮವನ್ನು ತಿಳಿಯದೆ ಈ ಪ್ರಕರಣ ಅರ್ಥವಾಗುವುದಿಲ್ಲ.

ಮೊದಲು ಬೇಕಾದದ್ದು ಒಂದು ಅಸಲಿ ಗುರುತುಚೀಟಿ. ಹಿಟ್ಲರ್‌ನನ್ನು ಒಪ್ಪದ ಪ್ರೊಟೆಸ್ಟಂಟ್ ಕ್ರೈಸ್ತರ ಒಂದು ಬಳಗ ದಾಲೆಮ್‌ನ ಚರ್ಚಿನಲ್ಲಿ ಸೇರುತ್ತಿತ್ತು. ಅಲ್ಲಿ ಕೆಲವರು ಕಾಣಿಕೆಯ ಚೀಲಕ್ಕೆ ಹಣದ ಬದಲು ತಮ್ಮ ಗುರುತುಚೀಟಿಯನ್ನೇ ಹಾಕಿ, ಆಮೇಲೆ ಪೊಲೀಸರ ಬಳಿ ಹೋಗಿ ಕಳೆದುಹೋಯಿತೆಂದು ದೂರು ಕೊಟ್ಟು ಹೊಸದು ಪಡೆಯುತ್ತಿದ್ದರು. ಇದನ್ನೆಲ್ಲ ಜೋಡಿಸುತ್ತಿದ್ದವರು ಫ್ರಾಂಟ್ಸ್ ಕೌಫ್‌ಮನ್ ಎಂಬ ಮಾಜಿ ಹಿರಿಯ ಸರ್ಕಾರಿ ಅಧಿಕಾರಿ, ಜೊತೆಗೆ ಹೆಲೆನೆ ಯಾಕೋಬ್ಸ್. ಬಂದ ಚೀಟಿಗಳಲ್ಲಿ ಬೇಡುವವರ ವಯಸ್ಸಿಗೆ ಹೊಂದುವುದನ್ನು ಆರಿಸಬೇಕು, ನಲವತ್ತರವಳಿಗೆ ಇಪ್ಪತ್ತೈದರ ಚೀಟಿ ಕೊಟ್ಟರೆ ಮೊದಲ ತಪಾಸಣೆಯಲ್ಲೇ ಮುಗಿಯಿತು. ಫೋಟೊವನ್ನು ಹಿಡಿದಿದ್ದ ಲೋಹದ ಬಿಲ್ಲೆಗಳನ್ನು ಕಾಗದ ಹರಿಯದಂತೆ ಬಿಡಿಸಿ, ಹಳೆಯ ಫೋಟೊ ತೆಗೆದು ಹೊಸದನ್ನು ಕೂರಿಸಬೇಕು. ನಿಜವಾದ ಕಷ್ಟ ಆಮೇಲೆ. ಸರ್ಕಾರಿ ಮುದ್ರೆ ಅರ್ಧ ಕಾಗದದ ಮೇಲೆ, ಅರ್ಧ ಫೋಟೊದ ಮೂಲೆಯ ಮೇಲೆ ಬಿದ್ದಿರುತ್ತದೆ. ಫೋಟೊ ಬಿಡಿಸಿದಾಗ ಮುದ್ರೆಯಲ್ಲಿರುವ ಹದ್ದಿನ ರೆಕ್ಕೆಯ ಒಂದು ಭಾಗವೂ ಅದರ ಜೊತೆ ಹೋಗುತ್ತದೆ. ಆ ಭಾಗವನ್ನು ಹೊಸ ಫೋಟೊದ ಮೇಲೆ ಕುಂಚದಿಂದ ಬರೆದು ಕೂಡಿಸಬೇಕು. ಗೆರೆಗಳು ಸೇರುವ ಜಾಗದಲ್ಲಿ ಕೂದಲೆಳೆ ಹೆಚ್ಚುಕಮ್ಮಿ ಇರಬಾರದು, ಬಣ್ಣ ಹಳೆಯ ಶಾಯಿಯಷ್ಟೇ ಮಾಸಿರಬೇಕು, ತೀರಾ ಸ್ಪಷ್ಟವಾಗಿಯೂ ಇರಬಾರದು. ರಬ್ಬರ್ ಮುದ್ರೆ ಎಂದೂ ಸ್ವಚ್ಛವಾಗಿ ಒತ್ತುವುದಿಲ್ಲವಲ್ಲ.

ಹೀಗೆ ತಯಾರಾದ ಒಂದು ಚೀಟಿಯ ಹಿಂದೆ ಕಡಿಮೆಯೆಂದರೂ ನಾಲ್ಕು ಜನರ ತಲೆ: ಚೀಟಿ ಕೊಟ್ಟವರು, ಸಾಗಿಸಿದವರು, ತಿದ್ದಿದವನು, ಇಟ್ಟುಕೊಂಡವಳು. ಪ್ರತಿಯೊಬ್ಬರಿಗೂ ಇನ್ನೊಬ್ಬರ ಒಂದಿಷ್ಟು ಗೊತ್ತು. ಒಬ್ಬರು ಸಿಕ್ಕಿದರೆ ಗೆಸ್ಟಾಪೊ ಎಳೆಯುವುದು ಈ ದಾರವನ್ನೇ. ಸ್ಟೆಲ್ಲಾಳನ್ನು ಬುರ್ಗ್‌ಸ್ಟ್ರಾಸೆಯ ಗೆಸ್ಟಾಪೊ ಕಚೇರಿಯಲ್ಲಿ ಹೊಡೆದು ಬಡಿದು ಕೇಳಿದ ಮುಖ್ಯ ಪ್ರಶ್ನೆಯೂ ಇದೇ: ರೋಗೋಫ್ ಎಲ್ಲಿ? ಅವನ ವಿಳಾಸ ಆಕೆಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದನ್ನು ಅವರು ನಂಬಲಿಲ್ಲ.

ಕೌಫ್‌ಮನ್ ಬಳಗ 1943ರ ಆಗಸ್ಟ್‌ನಲ್ಲಿ ಬಯಲಾಯಿತು. ಕೌಫ್‌ಮನ್‌ರನ್ನು 1944ರ ಫೆಬ್ರವರಿಯಲ್ಲಿ ಸಾಕ್ಸೆನ್‌ಹೌಸೆನ್ ಶಿಬಿರದಲ್ಲಿ ಗುಂಡಿಟ್ಟು ಕೊಂದರು, ಹೆಲೆನೆ ಯಾಕೋಬ್ಸ್ ಜೈಲಿಗೆ ಹೋದರು. ಶ್ಯೋನ್‌ಹೌಸ್ 1943ರ ಶರತ್ಕಾಲದಲ್ಲೇ ತಾನೇ ತಯಾರಿಸಿದ ಕಾಗದಗಳನ್ನಿಟ್ಟುಕೊಂಡು, ಸೈಕಲ್ ತುಳಿಯುತ್ತ ಸ್ವಿಟ್ಜರ್ಲೆಂಡ್ ಗಡಿ ದಾಟಿದ.

ಶ್ಯೋನ್‌ಹೌಸ್ ಮತ್ತು ಸ್ಟೆಲ್ಲಾರನ್ನು ಎದುರುಬದುರು ನಿಲ್ಲಿಸಿ ಒಬ್ಬ ವೀರ, ಒಬ್ಬಳು ದ್ರೋಹಿ ಎಂದು ಬರೆಯುವ ಆಸೆ ಯಾವ ಲೇಖಕನಿಗೂ ಹುಟ್ಟುತ್ತದೆ. ಅವನು ವೀರನೇ, ಅನುಮಾನವಿಲ್ಲ. ಆದರೆ ಎರಡು ಸಂಗತಿಗಳನ್ನು ತಕ್ಕಡಿಯಿಂದ ತೆಗೆಯುವಂತಿಲ್ಲ. ಅವನ ತಂದೆತಾಯಿಯನ್ನು 1942ರಲ್ಲೇ ಸಾಗಿಸಿಯಾಗಿತ್ತು, ಗೆಸ್ಟಾಪೊಗೆ ಒತ್ತೆಯಾಗಿ ಹಿಡಿಯಲು ಯಾರೂ ಉಳಿದಿರಲಿಲ್ಲ. ಅಲ್ಲದೆ ಅವನು ಬುರ್ಗ್‌ಸ್ಟ್ರಾಸೆಯ ಆ ಕೋಣೆಗೆ ಹೋಗಲೇ ಇಲ್ಲ.

ಗ್ರೋಸ್ಸೆ ಹಂಬುರ್ಗರ್ ಸ್ಟ್ರಾಸೆ 26

ಸಿಕ್ಕಿಬಿದ್ದ ಮೇಲೆ ಸ್ಟೆಲ್ಲಾ ಎರಡು ಸಲ ಹೊರಗೆ ಬಂದಳು. ಹಲ್ಲಿನ ವೈದ್ಯರ ಬಳಿಗೆ ಕರೆದೊಯ್ದಾಗ ಒಮ್ಮೆ ನುಣುಚಿಕೊಂಡು ತಂದೆತಾಯಿಯನ್ನು ಸೇರಿದಳು, ಬೇಗನೆ ಮೂವರೂ ಸಿಕ್ಕಿಬಿದ್ದರು. ಆಗಸ್ಟ್ 23ರ ರಾತ್ರಿ ಬ್ರಿಟಿಷ್ ವಿಮಾನಗಳು ಬರ್ಲಿನ್ ಮೇಲೆ ಬಾಂಬ್ ಸುರಿಸಿದಾಗ ಆಕೆ ಇದ್ದ ಬೆಸೆಮರ್‌ಸ್ಟ್ರಾಸೆಯ ಜೈಲಿಗೂ ಬೆಂಕಿ ಬಿತ್ತು. ಆ ಗದ್ದಲದಲ್ಲಿ ಮತ್ತೆ ಹೊರಬಿದ್ದಳು. ಈ ಸಲ ಅಡಗಿಕೊಳ್ಳಲು ಹೋಗಲಿಲ್ಲ. ತಂದೆತಾಯಿಯನ್ನು ಕೂಡಿಹಾಕಿದ್ದ ಜಾಗಕ್ಕೆ ತಾನಾಗಿಯೇ ನಡೆದು ಬಂದಳು. ಇಡೀ ಪ್ರಕರಣದಲ್ಲಿ ಓದುಗರಿಗೆ ನಂಬಲು ಕಷ್ಟವಾಗುವ ತಿರುವು ಇದೇ, ಇದು ನಡೆದದ್ದು ನಿಜ. ಮುಂದೆ ದ್ರೋಹಿ ಎನಿಸಿಕೊಳ್ಳುವವಳು ಸುಡುತ್ತಿರುವ ಊರಿನಲ್ಲಿ ಬಿಡುಗಡೆಯಾಗಿ ನಿಂತಿದ್ದಾಗ, ಅಪ್ಪ ಅಮ್ಮನಿಗಾಗಿ ಸೆರೆಗೆ ಮರಳಿದಳು.

ಆ ಜಾಗ ಗ್ರೋಸ್ಸೆ ಹಂಬುರ್ಗರ್ ಸ್ಟ್ರಾಸೆ 26. ಮೊದಲು ಯಹೂದಿ ಸಮುದಾಯದ ವೃದ್ಧಾಶ್ರಮ, 1942ರಿಂದ ಸಾಗಣೆಗೆ ಮೊದಲು ಜನರನ್ನು ಕೂಡಿಡುವ ಕೇಂದ್ರ. ಪಕ್ಕದಲ್ಲೇ ಬರ್ಲಿನ್‌ನ ಅತಿ ಹಳೆಯ ಯಹೂದಿ ಸ್ಮಶಾನ, ದಾರ್ಶನಿಕ ಮೋಸೆಸ್ ಮೆಂಡೆಲ್ಸೋನ್‌ನನ್ನು ಹೂಳಿದ್ದು ಅಲ್ಲಿ. 1943ರಲ್ಲಿ ಆ ಸಮಾಧಿಗಳನ್ನೂ ಕಿತ್ತು ನೆಲಸಮ ಮಾಡಿದರು. ಈ ಕಟ್ಟಡದ ಮೂಲಕ ಸಾವಿನ ಶಿಬಿರಗಳಿಗೆ ಹೋದವರ ಸಂಖ್ಯೆ 55,000 ಎಂದು ಅಲ್ಲಿನ ಸ್ಮಾರಕಫಲಕ ಹೇಳುತ್ತದೆ.

ಒಳಗೆ ಬಂದವರ ಕೈಗೆ ಮೊದಲು ಕೊಡುತ್ತಿದ್ದದ್ದು ಹದಿನಾರು ಪುಟಗಳ ಒಂದು ಅರ್ಜಿ, ಆಸ್ತಿ ಘೋಷಣೆ. ಬ್ಯಾಂಕಿನ ಹಣ, ವಿಮೆ, ಕುರ್ಚಿ, ಮೇಜು, ಹಾಸಿಗೆ, ಪಾತ್ರೆ, ಒಳಬಟ್ಟೆ, ಎಲ್ಲದಕ್ಕೂ ಒಂದೊಂದು ಸಾಲು, ಎಷ್ಟು ಎಂದು ತುಂಬಲು ಚೌಕ. ಕೊನೆಯಲ್ಲಿ ಸಹಿ. ಗಡಿ ದಾಟಿಸಿದ ಕೂಡಲೇ ಆಸ್ತಿಯೆಲ್ಲ ರಾಜ್ಯಕ್ಕೆ ಸೇರುತ್ತದೆ ಎಂದು 1941ರ ನವೆಂಬರ್‌ನಲ್ಲೇ ಕಟ್ಟಳೆ ಮಾಡಿದ್ದರು. ತನ್ನನ್ನು ಕೊಲ್ಲಲು ಕಳಿಸುವವರಿಗೆ ತನ್ನ ಮನೆಯ ಚಮಚಗಳ ಲೆಕ್ಕವನ್ನು ತನ್ನದೇ ಕೈಬರಹದಲ್ಲಿ ಬರೆದು ಕೊಡುವುದು. ದೌರ್ಜನ್ಯವನ್ನು ಬರೆಯಲು ಕೂಗಾಟ, ನಾಯಿಗಳು, ಬೂಟುಗಳೇ ಬೇಕಾಗಿಲ್ಲ. ಈ ಅರ್ಜಿಯ ಒಂದು ಪುಟವನ್ನು ಸಾಲುಸಾಲಾಗಿ ಬರೆದರೆ ಸಾಕು.

ಕೇಂದ್ರದ ಮುಖ್ಯಸ್ಥ ವಾಲ್ಟರ್ ಡೊಬ್ಬರ್ಕೆ. ಅವನು ಮುಂದಿಟ್ಟ ಮಾತು ಸರಳವಾಗಿತ್ತು: ತಲೆಮರೆಸಿಕೊಂಡವರನ್ನು ಹುಡುಕಿ ಕೊಡು, ನಿನ್ನ ಹೆಸರೂ ನಿನ್ನ ಅಪ್ಪ ಅಮ್ಮನ ಹೆಸರೂ ಪಟ್ಟಿಗೆ ಸೇರುವುದಿಲ್ಲ. ಹೀಗೆ ಹಿಡಿಯುವವರನ್ನು ಜರ್ಮನ್‌ನಲ್ಲಿ ‘ಗ್ರೈಫರ್’ ಎನ್ನುತ್ತಿದ್ದರು. ಯಹೂದಿಗಳನ್ನು ಹಿಡಿಯಲು ಯಹೂದಿಗಳನ್ನೇ ಬಳಸುವ ರೂಢಿಯನ್ನು 1942ರ ಕೊನೆಯಲ್ಲಿ ವಿಯೆನ್ನಾದಿಂದ ಬಂದ ಅಲೋಯ್ಸ್ ಬ್ರುನ್ನರ್ ಬರ್ಲಿನ್‌ಗೆ ತಂದಿದ್ದ. ಸ್ಟೆಲ್ಲಾ ಒಪ್ಪಿದಳು.

ಹಿಡಿಯುವ ಕೆಲಸ

ಗ್ರೈಫರ್‌ಗಳಿಗೆ ನಕ್ಷತ್ರವಿಲ್ಲದೆ ಓಡಾಡುವ ಅನುಮತಿಪತ್ರ ಕೊಡುತ್ತಿದ್ದರು. ಸಾಮಾನ್ಯವಾಗಿ ಜೋಡಿಯಾಗಿ ಹೋಗುತ್ತಿದ್ದರು. ಸ್ಟೆಲ್ಲಾಳ ಜೊತೆಗಾರ ರೋಲ್ಫ್ ಇಸಾಕ್ಸೋನ್, ಅವನೂ ಯಹೂದಿ. ಕುರ್ಫ್ಯುರ್ಸ್ಟನ್‌ಡಾಮ್‌ನ ಕೆಫೆಗಳು, ಸಿನಿಮಾ, ನಾಟಕಶಾಲೆ, ಒಪೆರಾ ಬಿಡುವ ಹೊತ್ತು, ರೈಲು ನಿಲ್ದಾಣಗಳು ಅವರ ಬೇಟೆಯ ಜಾಗಗಳು. ತಾನೇ ತಿಂಗಳುಗಟ್ಟಲೆ ಅಡಗಿ ಬದುಕಿದ್ದವಳಿಗೆ ಅಡಗಿದವರ ದಿನಚರಿ ಬಾಯಿಪಾಠ. ಚಳಿಗೆ ಎಲ್ಲಿ ಕೂರುತ್ತಾರೆ, ಯಾವ ಹೊತ್ತಿಗೆ ಬೀದಿಗಿಳಿಯುತ್ತಾರೆ, ಬಾಗಿಲಿಗೆ ಬೆನ್ನು ಮಾಡಿ ಕೂರುವುದಿಲ್ಲ ಏಕೆ, ಎಲ್ಲವೂ ಗೊತ್ತು.

ಹಿಡಿಯುವ ಕ್ರಮದಲ್ಲಿ ಓಟ, ಕೂಗು ಕಡಿಮೆ. ಹಳೆಯ ಪರಿಚಯದವರನ್ನು ಕಂಡರೆ ಮುಖ ಅರಳಿಸಿ ಮಾತಿಗೆ ನಿಲ್ಲುವುದು. ತಾನೂ ಅಡಗಿಯೇ ಇದ್ದೇನೆ ಎನ್ನುವುದು. ಊಟಕ್ಕೆ ಏನು ಮಾಡುತ್ತೀ, ಮಲಗುವುದೆಲ್ಲಿ, ಕಾಗದ ಇದೆಯಾ ಎಂದು ಕೇಳುವುದು. ನನಗೊಬ್ಬರು ಗೊತ್ತು, ಜಾಗ ಮಾಡಿಕೊಡುತ್ತಾರೆ ಎನ್ನುವುದು. ತಲೆಮರೆಸಿಕೊಂಡವರು ಒಬ್ಬರನ್ನೊಬ್ಬರು ದಿನವೂ ಕೇಳುತ್ತಿದ್ದದ್ದು ಈ ಪ್ರಶ್ನೆಗಳನ್ನೇ, ಹಾಗಾಗಿ ಮಾತಿನಲ್ಲಿ ಅನುಮಾನಕ್ಕೆ ಎಡೆಯೇ ಇರುತ್ತಿರಲಿಲ್ಲ. ಎದುರಿನವನು ಕೊಟ್ಟ ಉತ್ತರದಲ್ಲಿ ಅವನ ವಿಳಾಸವಿರುತ್ತಿತ್ತು, ಜೊತೆಯಲ್ಲಿ ಅಡಗಿರುವ ತಂಗಿಯದ್ದೂ ಇರುತ್ತಿತ್ತು. ಆಮೇಲೆ ಸನ್ನೆ, ಅಥವಾ ಮರುದಿನ ಬೆಳಗ್ಗೆ ಬಾಗಿಲು ಬಡಿತ.

ಗಮನಿಸಬೇಕಾದದ್ದು, ಕೆಟ್ಟ ನೆನಪಿನ ಗ್ರೈಫರ್‌ನಿಂದ ಗೆಸ್ಟಾಪೊಗೆ ಪ್ರಯೋಜನವಿಲ್ಲ. ಹೆಚ್ಚು ಗೆಳೆಯರಿದ್ದವಳು, ಎಲ್ಲರ ಜೊತೆ ಬೆರೆಯುತ್ತಿದ್ದವಳು, ಹೆಸರು ಮರೆಯದವಳು ಬೇಕು. ಶಾಲೆಯಲ್ಲಿ ಎಲ್ಲರಿಗೂ ಬೇಕಾಗಿದ್ದ ಹುಡುಗಿಯೇ ಈ ಕೆಲಸಕ್ಕೆ ಹೇಳಿಮಾಡಿಸಿದವಳು. ಹಿಡಿದುಕೊಟ್ಟ ತಲೆಗೆ 300 ರೈಖ್ಸ್‌ಮಾರ್ಕ್ ಸಿಗುತ್ತಿತ್ತು ಎಂಬ ಲೆಕ್ಕವೂ ಈ ಪ್ರಕರಣದ ಜೊತೆ ಬರುತ್ತದೆ. ಹಣವೇ ಮೂಲ ಎಂದು ಬರೆದರೆ ಮಾತ್ರ ತಪ್ಪಾಗುತ್ತದೆ. ನಿಜವಾದ ಸಂಬಳ ಎಂದರೆ ಈ ವಾರದ ಪಟ್ಟಿಯಲ್ಲಿ ಹೆಸರು ಇಲ್ಲದಿರುವುದು.

‘ಕೊಡಲಿ ಕಾವು ಕುಲಕ್ಕೆ ಮೃತ್ಯು’ ಎಂಬ ನಮ್ಮ ಗಾದೆ ಇಲ್ಲಿ ತಟ್ಟನೆ ನಾಲಿಗೆಗೆ ಬರುತ್ತದೆ, ಅದು ಸುಳ್ಳೂ ಅಲ್ಲ. ಆದರೆ ಮರದ ಕೊಂಬೆ ತಾನಾಗಿ ಕಾವಾಗುವುದಿಲ್ಲ. ಯಾರೋ ಅದನ್ನು ಕಡಿದು, ಕೆತ್ತಿ, ಕೊಡಲಿಯ ಕಣ್ಣಿಗೆ ತೂರಿಸಿ, ಬೆಣೆ ಹೊಡೆದು ಬಿಗಿ ಮಾಡಿರುತ್ತಾರೆ. ಇಲ್ಲಿ ಆ ಕೆತ್ತುವ ಕೆಲಸ ಒಂದು ಕಚೇರಿಯ ದಿನನಿತ್ಯದ ಕೆಲಸವಾಗಿತ್ತು, ಬೆಣೆ ಆಕೆಯ ಅಪ್ಪ ಅಮ್ಮ. ಗ್ರೈಫರ್‌ಗಳ ಕಥೆಯನ್ನು ಯಹೂದಿಗಳು ಯಹೂದಿಗಳಿಗೇ ಬಗೆದ ದ್ರೋಹ ಎಂದಷ್ಟೇ ಹೇಳಿ ನಿಲ್ಲಿಸುವವರು ಕೊಡಲಿ ಹಿಡಿದ ಕೈಯನ್ನು ಚಿತ್ರದಿಂದ ಅಳಿಸುತ್ತಾರೆ. ಇದನ್ನು ಬರೆಯುವವರು ಮೊದಲು ಎಚ್ಚರ ವಹಿಸಬೇಕಾದ ಜಾಗ ಇದು.

ಕ್ಯಾಲೆಂಡರ್ ಹೇಳುವುದು

ಎರಡನೆಯ ಎಚ್ಚರ ಇದಕ್ಕೆ ತದ್ವಿರುದ್ಧ. ತಂದೆತಾಯಿಯನ್ನು ಉಳಿಸಲು ಮಾಡಿದಳು ಎಂದು ಇಡೀ ಪ್ರಕರಣವನ್ನು ಮಗಳ ಕರುಣಕಥೆಯಾಗಿ ಬರೆಯುವುದು. ದಿನಾಂಕಗಳು ಇದನ್ನು ತಡೆಯುತ್ತವೆ. ಸ್ಟೆಲ್ಲಾ ಕೆಲಸಕ್ಕೆ ಇಳಿದದ್ದು 1943ರ ಆಗಸ್ಟ್ ಕೊನೆಯ ನಂತರ. 1944ರ ಫೆಬ್ರವರಿಯಲ್ಲಿ ಗೆರ್ಹಾರ್ಡ್ ಮತ್ತು ಟೋನಿಯನ್ನು ಟೆರೆಸಿಯೆನ್‌ಷ್ಟಾಟ್ ಗೆಟ್ಟೊಗೆ ಕಳಿಸಿದರು. ಅಲ್ಲಿಂದ ಆ ವರ್ಷದ ಅಕ್ಟೋಬರ್‌ನಲ್ಲಿ ಆಶ್ವಿಟ್ಜ್‌ಗೆ, ಅಲ್ಲಿ ಕೊಂದರು. ಕೊಟ್ಟ ಮಾತು ಆರು ತಿಂಗಳೂ ಉಳಿಯಲಿಲ್ಲ. ಸ್ಟೆಲ್ಲಾ ಫೆಬ್ರವರಿಯಲ್ಲಿ ನಿಲ್ಲಿಸಲಿಲ್ಲ. ಕೇಂದ್ರವನ್ನು ಆ ಮಾರ್ಚ್‌ನಲ್ಲಿ ಷೂಲ್‌ಸ್ಟ್ರಾಸೆಯ ಯಹೂದಿ ಆಸ್ಪತ್ರೆಯ ಆವರಣಕ್ಕೆ ಸ್ಥಳಾಂತರಿಸಿದರು, ಆಕೆಯ ಕೆಲಸವೂ ಅಲ್ಲಿಗೆ ಸಾಗಿತು. ಅಕ್ಟೋಬರ್‌ನಲ್ಲಿ ರೋಲ್ಫ್ ಇಸಾಕ್ಸೋನ್‌ನನ್ನು ಮದುವೆಯಾದಳು. ತಂದೆತಾಯಿಯನ್ನು ಆಶ್ವಿಟ್ಜ್‌ಗೆ ಸಾಗಿಸಿದ್ದೂ ಅದೇ ತಿಂಗಳಲ್ಲಿ.

ಹಾಗಾದರೆ ಫೆಬ್ರವರಿಯ ನಂತರ ಏಕೆ? ತನ್ನ ಜೀವದ ಭಯ ಒಂದು. ನಿಲ್ಲಿಸಿದ ದಿನವೇ ಆಕೆಯೂ ರೈಲು ಹತ್ತಬೇಕಿತ್ತು, ಗ್ರೈಫರ್‌ಗಳಲ್ಲೂ ಬೇಡವಾದವರನ್ನು ಸಾಗಿಸಿದ ಉದಾಹರಣೆಗಳಿವೆ. ಆರು ತಿಂಗಳ ಕೆಲಸದ ನಂತರ ಮರಳಿ ಅಡಗಲು ಆಕೆಗೆ ಬಾಗಿಲು ತೆರೆಯುವ ಗೆಳೆಯರೂ ಉಳಿದಿರಲಿಲ್ಲ. ಒಬ್ಬೊಬ್ಬರನ್ನು ಹಿಡಿದುಕೊಟ್ಟಂತೆ ತನ್ನ ಹಿಂದಿನ ದಾರಿಯನ್ನು ತಾನೇ ಕಡಿದುಕೊಂಡಿದ್ದಳು. ಇಷ್ಟನ್ನು ವಿವರಣೆ ಎಂದು ಕೊಡಬಹುದು, ಕ್ಷಮೆಯ ಅರ್ಜಿಯಾಗಿ ಬರೆಯಬಾರದು. ಕಾದಂಬರಿ ಈ ಫೆಬ್ರವರಿಯನ್ನು ಹಾರಿಸಿದರೆ ಸುಳ್ಳಾಗುತ್ತದೆ. ಅದಕ್ಕೆ ಮೊದಲಿನ ಆರು ತಿಂಗಳು ಒಂದು ಕಥೆ, ಆಮೇಲಿನ ಒಂದು ವರ್ಷ ಇನ್ನೊಂದು ಕಥೆ. ಹೆಂಗಸು ಒಬ್ಬಳೇ.

ಚಿಕ್ಕ ತಪ್ಪುಗಳೂ ಇವೆ, ಬೇಗ ಹೇಳಿಬಿಡಬಹುದು. ಅಡಗಿರುವ ಪಾತ್ರಕ್ಕೆ ನಕ್ಷತ್ರ ತೊಡಿಸಿ ಕೆಫೆಗೆ ಕಳಿಸಬೇಡಿ. 1942ರ ನಂತರದ ಯಹೂದಿ ಪಾತ್ರ ನಕ್ಷತ್ರ ತೊಟ್ಟು ಆರಾಮಾಗಿ ಟ್ರಾಮ್ ಹತ್ತುವಂತಿಲ್ಲ. ಬರ್ಲಿನ್‌ನಲ್ಲಿ ಅಡಗುವುದು ಎಂದರೆ ಬಹುಮಟ್ಟಿಗೆ ಒಂದೇ ಅಟ್ಟದಲ್ಲಿ ವರ್ಷಗಟ್ಟಲೆ ಕೂರುವುದಲ್ಲ, ವಾರಕ್ಕೊಂದು ಕಡೆ ಜಾಗ ಬದಲಿಸುವುದು. ಬಾಂಬ್ ದಾಳಿ ಎಲ್ಲರಿಗೂ ಶಾಪವಾಗಿತ್ತು, ಆದರೆ ‘ಮನೆ ಸುಟ್ಟಿತು, ಕಾಗದ ಸುಟ್ಟವು’ ಎಂದು ಹೇಳಿ ಹೊಸ ಚೀಟಿ ಪಡೆಯಲು ಕೆಲವು ಯು-ಬೋಟ್‌ಗಳಿಗೆ ಅದೇ ದಾರಿಯೂ ಆಯಿತು. ಇನ್ನು ಗೆಸ್ಟಾಪೊವನ್ನು ಎಲ್ಲವನ್ನೂ ಬಲ್ಲ ಶಕ್ತಿಯಾಗಿ ಬರೆಯಬೇಡಿ, ಅದು ಕಾಯುತ್ತಿದ್ದದ್ದು ಅಕ್ಕಪಕ್ಕದವರ ಚಾಡಿಗಾಗಿ.

ಯುದ್ಧದ ನಂತರ

1945ರಲ್ಲಿ ಸ್ಟೆಲ್ಲಾ ಬರ್ಲಿನ್‌ನ ಹೊರಗೆ ಹೋಗಿ ಹೆಣ್ಣುಮಗುವಿಗೆ ಜನ್ಮ ಕೊಟ್ಟಳು. ರೋಲ್ಫ್ ಯುದ್ಧದ ಕೊನೆಯಲ್ಲಿ ಕಾಣೆಯಾದ. ಆಮೇಲೆ ಆಕೆ ‘ಫ್ಯಾಸಿಸಂಗೆ ಬಲಿಯಾದವಳು’ ಎಂಬ ಮಾನ್ಯತೆ ಪಡೆಯಲು ಹೊರಟಳು. ಆ ಮಾನ್ಯತೆ ಸಿಕ್ಕವರಿಗೆ ಪಡಿತರದಲ್ಲಿ ಆದ್ಯತೆಯಿತ್ತು. ಬದುಕುಳಿದು ಬಂದವರು ಆಕೆಯನ್ನು ಗುರುತಿಸಿದರು. ಸೋವಿಯತ್ ಸೇನಾ ನ್ಯಾಯಾಲಯ 1946ರಲ್ಲಿ ಹತ್ತು ವರ್ಷ ಶಿಕ್ಷೆ ಕೊಟ್ಟಿತು, ಮಗು ಬೇರೆಯವರ ಆಸರೆಯಲ್ಲಿ ಬೆಳೆಯಿತು. 1956ರಲ್ಲಿ ಬಿಡುಗಡೆಯಾಗಿ ಪಶ್ಚಿಮ ಬರ್ಲಿನ್‌ಗೆ ಬಂದಳು. ಅಲ್ಲಿ 1957ರಲ್ಲಿ ಕೊಲೆಗೆ ನೆರವಾದ ಆರೋಪದ ಮೇಲೆ ಮತ್ತೆ ವಿಚಾರಣೆ, ಮತ್ತೆ ಹತ್ತು ವರ್ಷ. ಸೋವಿಯತ್ ಸೆರೆಯಲ್ಲಿ ಇದ್ದ ಕಾಲವನ್ನು ಶಿಕ್ಷೆಯ ಲೆಕ್ಕಕ್ಕೆ ಹಿಡಿದದ್ದರಿಂದ ಮತ್ತೆ ಸೆರೆಗೆ ಹೋಗಲಿಲ್ಲ. ತಾನೇ ಬಲಿಪಶು ಎಂಬ ನಿಲುವನ್ನು ಕೊನೆಯವರೆಗೂ ಬಿಡಲಿಲ್ಲ. ಕ್ರೈಸ್ತಳಾಗಿ ಮತಾಂತರಗೊಂಡಳು. 1994ರಲ್ಲಿ ಫ್ರೈಬುರ್ಗ್‌ನಲ್ಲಿ ಆತ್ಮಹತ್ಯೆ ಮಾಡಿಕೊಂಡಳು.

ಆಕೆ ಎಷ್ಟು ಜನರನ್ನು ಹಿಡಿದುಕೊಟ್ಟಳು? 600 ಎನ್ನುವ ಅಂದಾಜಿದೆ, 3,000 ಎನ್ನುವ ಅಂದಾಜೂ ಇದೆ. ಅಂತರ ಇಷ್ಟು ದೊಡ್ಡದಾಗಿರುವುದಕ್ಕೆ ಕಾರಣ ಈ ಅಪರಾಧದ ಸ್ವರೂಪದಲ್ಲೇ ಇದೆ. ನ್ಯಾಯಾಲಯದಲ್ಲಿ ಸಾಕ್ಷಿ ಹೇಳಿದವರು ಶಿಬಿರದಿಂದ ಹೇಗೋ ಮರಳಿದವರು, ಕೈಗೆ ಸಿಕ್ಕೂ ಓಡಿ ಪಾರಾದವರು, ಅಥವಾ ಪಕ್ಕದ ಮೇಜಿನಿಂದ ಕಂಡವರು. ಅವಳ ಮುಗುಳ್ನಗೆಗೆ ಉತ್ತರವಾಗಿ ನಕ್ಕು, ವಿಳಾಸ ಹೇಳಿ, ಜೊತೆಯಲ್ಲಿ ನಡೆದು ಹೋದವರಲ್ಲಿ ಬಹುಪಾಲು ಜನ ಬರಲೇ ಇಲ್ಲ. ಬರ್ಲಿನ್‌ನ ಸಾಗಣೆ ಪಟ್ಟಿಗಳು ಉಳಿದಿವೆ. ಬೆರಳಚ್ಚು ಮಾಡಿದ ಹಾಳೆಗಳಲ್ಲಿ ಕ್ರಮಸಂಖ್ಯೆ, ಹೆಸರು, ಹುಟ್ಟಿದ ದಿನ, ಹುಟ್ಟೂರು, ಕಸುಬು, ಮದುವೆಯಾಗಿದೆಯೋ ಇಲ್ಲವೋ, ದುಡಿಯಬಲ್ಲರೋ ಇಲ್ಲವೋ, ಕೊನೆಯ ವಿಳಾಸ, ಗುರುತುಚೀಟಿಯ ಸಂಖ್ಯೆ, ಒಂದೊಂದಕ್ಕೂ ಒಂದೊಂದು ಕಾಲಂ ಇದೆ. ಯಾರು ತೋರಿಸಿಕೊಟ್ಟರು ಎಂಬುದಕ್ಕೆ ಮಾತ್ರ ಕಾಲಂ ಇಲ್ಲ.